ನನ್ನ ಮರಗಳಿದ್ದ ನಕ್ಷೆ

ನಾನು ಪುಕ್ಕಲಿ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವಾಗಿ ಕಂಡುಹಿಡಿಯುವುದು ಬೇಡ. ನಾಯಿ ಕಂಡರೆ ಹೆದರುತ್ತೇನೆ, ಲಿಫ್ಟಿಗೆ ಹೆದರುತ್ತೇನೆ, ಮೈಕ್ ಕೈಗೆ ಕೊಟ್ಟರಂತೂ ನಾಲಿಗೆ ಒಣಗಿಹೋಗುತ್ತದೆ. ಇಂಥವಳಿಗೆ ಸಿಕ್ಕ ಕೆಲಸವೋ, ಬೇರೆಯವರ ಹೆದರಿಕೆ ಕಳೆಯುವುದು.

ನಮ್ಮ ಕಚೇರಿ ದೊಡ್ಡ ಬಡಾವಣೆಗಳ ನಕ್ಷೆ ಮಾಡುತ್ತದೆ. ಈ ಸಲದ್ದು ಹನ್ನೊಂದು ಕಟ್ಟಡಗಳ ಯೋಜನೆ. ಕೆಳಗೆ ಅಂಗಡಿ, ಅದರ ಮೇಲೆ ಕಚೇರಿಗಳು, ಅದರ ಮೇಲೆ ಸಾವಿರದ ನಾನೂರು ಮನೆ. ಪಕ್ಕದಲ್ಲೇ ಮೂವತ್ತಾರು ಹಳೆಯ ಮನೆಗಳ ಸಾಲು. ಆ ಸಾಲಿನವರು ತಮ್ಮ ಆತಂಕಗಳನ್ನು ಹಳದಿ ಚೀಟಿಯಲ್ಲಿ ಬರೆದು ಕಳಿಸುತ್ತಿದ್ದರು. ಬಿಸಿಲು ಬೀಳುತ್ತದೆಯೇ, ನೀರು ಸಾಲುತ್ತದೆಯೇ, ಗೋಡೆ ಬಿರುಕು ಬಿಟ್ಟರೆ ಯಾರನ್ನು ಕೇಳಬೇಕು. ಉತ್ತರ ಬರೆಯುವವಳು ನಾನು. ಗೊತ್ತಿದ್ದರೆ ಎರಡು ಸಾಲು, ಗೊತ್ತಿಲ್ಲದಿದ್ದರೆ ‘ಗಮನಿಸಲಾಗಿದೆ’. ಎಷ್ಟು ಚೀಟಿಗಳನ್ನು ಹೀಗೆ ಗಮನಿಸಿದ್ದೆ ಎಂದು ಮಾತ್ರ ಕೇಳಬೇಡಿ.

ನಮ್ಮಲ್ಲಿ ಪ್ರತಿ ಯೋಜನೆಗೂ ಎರಡು ನಕ್ಷೆ. ಒಂದು ಎಂಜಿನಿಯರಿಗೆ: ಅದರಲ್ಲಿ ನೆಲದೊಳಗಿನ ಕೊಳವೆ, ಮೋರಿ, ತಂತಿ ಎಲ್ಲ ಇರುತ್ತದೆ. ಇನ್ನೊಂದು ಜನರಿಗೆ. ತಮ್ಮ ಮನೆ ಪಕ್ಕ ನೆಲದಡಿಯಲ್ಲಿ ಗೆರೆ ಕಂಡರೆ ಜನ ಗಾಬರಿಯಾಗುತ್ತಾರೆ ಎಂದು ಅದನ್ನೆಲ್ಲ ಕಂಪ್ಯೂಟರಿನಲ್ಲಿ ಮರೆಮಾಡಿ, ಮೇಲೆ ಹುಲ್ಲು, ಬೆಂಚು, ಗುಂಡು ಗುಂಡನೆಯ ಮರ ಬಿಡಿಸುತ್ತೇವೆ. ಮರ ಬಿಡಿಸುವುದರಲ್ಲಿ ನನ್ನದು ಎತ್ತಿದ ಕೈ. ಕಣ್ಣಿಗೆ ಮಣ್ಣೆರಚುವ ಕೆಲಸ ಅಂತ ಆಗ ಅನ್ನಿಸಿರಲಿಲ್ಲ. ಸಮಾಧಾನ ಹೇಳುವ ಕೆಲಸ ಅಂದುಕೊಂಡಿದ್ದೆ. ನಮ್ಮ ಮುಖ್ಯಸ್ಥರೂ ಹಾಗೇ ಹೇಳುತ್ತಿದ್ದರು. ಅವರ ಬಾಯಲ್ಲಿ ಮಾತಿಗೊಂದು ‘ಸಮಾಧಾನ, ಸಮಾಧಾನ’. ಕಚೇರಿಯಲ್ಲಿ ಅವರ ಹೆಸರೇ ಸಮಾಧಾನ ಸರ್.

ಅದೇ ಯೋಜನೆಯಲ್ಲಿ ನನ್ನ ಅಣ್ಣನಿಗೂ ಕೆಲಸ. ಅಡಿಪಾಯದ ಕಂಬಕ್ಕೆ ನೆಲ ಕೊರೆಯುವ ಯಂತ್ರ ನಡೆಸುತ್ತಾನೆ. ಅರವತ್ತು ಟನ್ ತೂಕದ್ದು, ಮೂರಂತಸ್ತಿನ ಮನೆಗಿಂತ ಎತ್ತರ. ಅಪ್ಪ ಇಂಥದೇ ಕೆಲಸದಲ್ಲಿ ಯಂತ್ರ ಮಗುಚಿ ಹೋದವರು. ಅಂದಿನಿಂದ ಅಮ್ಮ ಅಣ್ಣನಿಂದ ಒಂದು ಮಾತು ತೆಗೆದುಕೊಂಡಿದ್ದಾಳೆ. ಯಂತ್ರ ಹತ್ತುವಾಗ ನನಗೊಂದು ಮಿಸ್ಡ್ ಕಾಲ್, ಇಳಿದಾಗ ಇನ್ನೊಂದು. ಹತ್ತಿದ ಮೇಲೆ ಫೋನ್ ಬಂದ್. ಹನ್ನೆರಡು ವರ್ಷದಿಂದ ಒಂದು ದಿನವೂ ತಪ್ಪಿಲ್ಲ. ಎರಡನೆಯದು ಬಂದಮೇಲೇ ನನಗೆ ಮಧ್ಯಾಹ್ನದ ಊಟ ಸೇರುವುದು.

ಆ ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಶಾಲೆಯ ಸಭಾಂಗಣದಲ್ಲಿ ನಿವಾಸಿಗಳ ಸಭೆ. ರಸ್ತೆಯಾಚೆ ನಿವೇಶನದಲ್ಲಿ ಹತ್ತೂವರೆಗೆ ಮೊದಲ ಕಂಬದ ಕೊರೆತ. ಎರಡನ್ನೂ ಒಂದೇ ಬೆಳಿಗ್ಗೆ ಇಟ್ಟವರು ಸಮಾಧಾನ ಸರ್. ಕೆಲಸ ಶುರುವಾಗಿದ್ದನ್ನು ಕಂಡರೆ ಜನ ತಾವಾಗಿ ತಣ್ಣಗಾಗುತ್ತಾರೆ ಎಂದು ಅವರ ಲೆಕ್ಕಾಚಾರ. ಕಿಟಕಿಯಿಂದ ಅಣ್ಣನ ಯಂತ್ರದ ಹಳದಿ ಕಂಬ ಕಾಣುತ್ತಿತ್ತು. ಗೋಡೆಗೆ ಒಂದು ಕಡೆ ನನ್ನ ನಕ್ಷೆ, ಪಕ್ಕದಲ್ಲಿ ಎಂಜಿನಿಯರ್ ಕಳಿಸಿದ್ದ ಅಡಿಪಾಯದ ನಕ್ಷೆ. ಅದರ ತುಂಬ ಕೆಂಪು ಚುಕ್ಕೆಗಳು. ಒಂದೊಂದು ಚುಕ್ಕೆಯೂ ಒಂದೊಂದು ಕಂಬ.

ಒಂಬತ್ತು ಐವತ್ತಕ್ಕೆ ಒಂಬತ್ತನೇ ಮನೆಯ ನರ್ಸಮ್ಮ ಎದ್ದು ನಿಂತರು. ಆಸ್ಪತ್ರೆಯ ಕೆಲಸದಿಂದ ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಆ ದನಿ ಇನ್ನೂ ವಾರ್ಡಿನ ತುದಿಗೆ ಕೇಳುವಂಥದ್ದು.

“ನಮ್ಮ ಅಡುಗೆಮನೆ ಹಿಂದೆ ನೆಲಕ್ಕೆ ಕಿವಿ ಇಟ್ರೆ ನೀರು ಹರಿಯೋ ಸದ್ದು ಕೇಳುತ್ತೆ ಅಂತ ಚೀಟಿ ಬರ್ದಿದ್ದೆ. ಗಮನಿಸಲಾಗಿದೆ ಅಂತ ಉತ್ತರ ಬಂತು. ಯಾರಮ್ಮ ಗಮನಿಸಿದ್ದು? ನೀನಾ?”

ಜನ ನಕ್ಕರು. ನಾನೂ ನಗುವಂತೆ ಮುಖ ಮಾಡಿ, ಒಂಬತ್ತನೇ ಮನೆ ಎಲ್ಲಿ ಎಂದು ತೋರಿಸಲು ಎಂಜಿನಿಯರ್ ನಕ್ಷೆಯ ಕಡೆ ತಿರುಗಿದೆ. ಬೆರಳು ಅರ್ಧದಲ್ಲೇ ನಿಂತಿತು.

ಎಂಜಿನಿಯರ್ ನಕ್ಷೆಯಲ್ಲಿ ಮರಗಳಿದ್ದವು.

ಎಂಜಿನಿಯರುಗಳು ಮರ ಬಿಡಿಸುವುದಿಲ್ಲ. ಅವು ನನ್ನ ಮರಗಳು, ಗುಂಡು ಗುಂಡನೆಯವು. ಹೋದ ತಿಂಗಳು ಅವರು ಅವಸರದಲ್ಲಿ ನಕ್ಷೆ ಕೇಳಿದಾಗ ನಾನು ತಪ್ಪಿ ಜನರ ನಕ್ಷೆ ಕಳಿಸಿದ್ದೆ. ನೆಲದೊಳಗಿನದ್ದೆಲ್ಲ ಮರೆಮಾಡಿದ ನಕ್ಷೆಯ ಮೇಲೆ ಅವರು ಚುಕ್ಕೆ ಇಟ್ಟಿದ್ದರು. ಒಂಬತ್ತನೇ ಮನೆಯ ಹಿಂದೆ ಇಟ್ಟಿಗೆಯ ಕಮಾನಿನ ಹಳೆಯ ಮೋರಿಯೊಂದು ಇತ್ತು, ಆಳುದ್ದದ್ದು. ಮರೆಮಾಡಿದ್ದು ನನ್ನ ಕೈಯೇ, ಹಾಗಾಗಿ ನನಗೆ ಚೆನ್ನಾಗಿ ನೆನಪಿತ್ತು. ಮೊದಲ ಕಂಬದ ಚುಕ್ಕೆ ಸರಿಯಾಗಿ ಅದರ ನೆತ್ತಿಯ ಮೇಲೆ ಕೂತಿತ್ತು. ಆ ಕಮಾನಿನ ಮೇಲೆ ಅರವತ್ತು ಟನ್ ಬರುತ್ತದೆ. ಆ ಯಂತ್ರದೊಳಗೆ ಅಣ್ಣ.

ಸಮಾಧಾನ ಸರ್ ಕಿವಿಯಲ್ಲಿ ವಿಷಯ ಉಸುರಿದೆ. ಅವರು ಜನರ ಕಡೆ ನಗುತ್ತಲೇ ಹೇಳಿದರು:

“ಸಮಾಧಾನ. ಈಗ ಬಾಯಿ ಬಿಟ್ರೆ ಯೋಜನೆನೂ ಇಲ್ಲ, ನಿನ್ನ ಕೆಲಸಾನೂ ಇಲ್ಲ. ಎಂಜಿನಿಯರ್ ನೋಡಿರ್ತಾರೆ ಬಿಡು. ಸಭೆ ಮುಗೀಲಿ.”

ನೋಡಿರುತ್ತಾರೆ. ಈ ಮಾತನ್ನು ನಾನು ಹಗ್ಗದಂತೆ ಹಿಡಿದುಕೊಂಡೆ. ಯಾರಾದರೂ ಹೋಗಿ ಸ್ಥಳ ನೋಡಿರುತ್ತಾರೆ, ಕಂಬ ಪಕ್ಕಕ್ಕೆ ಸರಿಸಿರುತ್ತಾರೆ. ಮೇಜಿನ ಕೆಳಗೆ ಫೋನ್ ತೆಗೆದು ‘ಅಣ್ಣ, ಹತ್ತಬೇಡ’ ಎಂದು ಬರೆದೆ. ಯಾಕೆ ಅಂತ ಕೇಳುತ್ತಾನೆ. ಮೇಸ್ತ್ರಿಗೆ ಹೇಳುತ್ತಾನೆ. ತಪ್ಪು ಯಾರದು ಎಂಬ ಮಾತು ಬರುತ್ತದೆ. ಅಳಿಸಿದೆ. ಮತ್ತೆ ಬರೆದೆ. ಮತ್ತೆ ಅಳಿಸಿದೆ.

ಹತ್ತು ಗಂಟೆಗೆ ಫೋನ್ ಒಮ್ಮೆ ನಡುಗಿ ಸುಮ್ಮನಾಯಿತು. ಅಣ್ಣ ಹತ್ತಿದ್ದ.

ತಕ್ಷಣ ತಿರುಗಿ ಮಾಡಿದೆ. ಬಂದ್. ಅವನು ನಿಯಮ ಮುರಿಯುವವನಲ್ಲ.

ಆಮೇಲಿನ ಇಪ್ಪತ್ತು ನಿಮಿಷ ನಾನು ಆ ಕುರ್ಚಿಯಲ್ಲಿ ಕೂತಿದ್ದೆ. ಇದನ್ನು ಯಾವ ಬಣ್ಣ ಬಳಿದು ಹೇಳಿದರೂ ಅಷ್ಟೇ, ಕೂತಿದ್ದೆ. ಯಾರೋ ಪಾರ್ಕಿಂಗ್ ಬಗ್ಗೆ ಕೇಳಿದರು, ಉತ್ತರ ಕೊಟ್ಟೆ. ಯಾರೋ ಕಸದ ಬಗ್ಗೆ ಕೇಳಿದರು, ಅದಕ್ಕೂ ಕೊಟ್ಟೆ. ಯಂತ್ರದ ಕಡೆ ನೋಡಬಾರದು ಎಂದುಕೊಂಡೇ ನೋಡುತ್ತಿದ್ದೆ.

ಹತ್ತು ಇಪ್ಪತ್ತಕ್ಕೆ ಹಳದಿ ಕಂಬ ಮೆಲ್ಲಗೆ ಚಲಿಸತೊಡಗಿತು, ಹಳೆಯ ಮನೆಗಳ ಕಡೆಗೆ. ಕಿಟಕಿಯ ಒಂದು ಸರಳು ದಾಟಿತು. ಇನ್ನೊಂದು ದಾಟಿತು.

“ಅದರ ಕೆಳಗೆ ಮೋರಿ ಇದೆ!” ಎಂದು ಕಿರುಚಿದೆ. ಮೈಕ್ ಕೈಯಲ್ಲೇ ಇತ್ತು. ಇಡೀ ಸಭಾಂಗಣ ನಡುಗಿತು. “ನಕ್ಷೆಯಿಂದ ತೆಗೆದವಳು ನಾನೇ. ಒಳಗೆ ನಮ್ಮಣ್ಣ ಇದಾನೆ!”

ಯಾರಿಗೂ ಏನೂ ತಿಳಿಯಲಿಲ್ಲ. ತಿಳಿದದ್ದು ನರ್ಸಮ್ಮನಿಗೆ ಮಾತ್ರ.

“ಹೇಳ್ಕೊಂಡು ನಿಂತ್ಕೊಳ್ತೀಯಲ್ಲೇ! ಓಡು!”

ಓಡಿದೆ. ಮೆಟ್ಟಿಲು, ರಸ್ತೆ, ತಗಡಿನ ಬೇಲಿ. ಒಂದು ಚಪ್ಪಲಿ ಎಲ್ಲೋ ಬಿತ್ತು. ಎರಡೂ ಕೈ ಬೀಸುತ್ತಾ ಯಂತ್ರದ ಎದುರಿಗೇ ಹೋಗಿ ನಿಂತೆ. ಮೇಸ್ತ್ರಿ ಸೀಟಿ ಊದಿದ. ಯಂತ್ರ ಗುಡುಗುಟ್ಟಿ ನಿಂತಾಗ ಕಂಬಕ್ಕೆಂದು ನೆಲದ ಮೇಲೆ ಹಾಕಿದ್ದ ಗುರುತಿಗೂ ಯಂತ್ರದ ಚಕ್ರದ ಪಟ್ಟಿಗೂ ನಾಲ್ಕು ಹೆಜ್ಜೆ ಉಳಿದಿತ್ತು.

ಅಣ್ಣ ಇಳಿದು ಬಂದ. ಮೇಸ್ತ್ರಿ ಹಾರೆ ತಂದು ಗುರುತಿನ ಜಾಗದಲ್ಲಿ ಚುಚ್ಚಿದ. ಮೊಣಕಾಲುದ್ದ ಗಟ್ಟಿಯಾಗಿ ಹೋಯಿತು, ಆಮೇಲೆ ಅವನ ಕೈಯಿಂದಲೇ ಜಾರಿ ಇಡೀ ಹಾರೆ ಮಾಯವಾಯಿತು. ಕೆಳಗೆಲ್ಲೋ ನೀರಿಗೆ ಬಿದ್ದ ಸದ್ದು ಕೇಳಿಸಿತು. ಮೇಸ್ತ್ರಿ ತಲೆ ಮೇಲೆ ಕೈಯಿಟ್ಟುಕೊಂಡು ಅಲ್ಲೇ ಕುಕ್ಕರಿಸಿದ. ನಾನು ಅಣ್ಣನ ತೋಳು ಹಿಡಿದು ಅಳುತ್ತಿದ್ದೆ. ಅವನು ನನ್ನ ಬೆನ್ನು ಸವರುತ್ತಾ “ಅಳ್ಬೇಡ ಪುಟ್ಟಿ, ಏನೂ ಆಗ್ಲಿಲ್ವಲ್ಲ” ಎನ್ನುತ್ತಿದ್ದ. ಆಮೇಲೆ ಸುಮ್ಮನೆ, ಹೊತ್ತೆಷ್ಟು ಎಂದು ಕೇಳುವ ಹಾಗೆ ಕೇಳಿದ:

“ನಿಂಗೆ ಯಾವಾಗ ಗೊತ್ತಾಯ್ತು?”

ಈಗಷ್ಟೇ ಎನ್ನಬಹುದಿತ್ತು. ಆದರೆ ಇಡೀ ಸಭೆಯೆದುರು ಒಮ್ಮೆ ನಿಜ ಹೇಳಿದ ಬಾಯಿ ಅವನೆದುರು ಸುಳ್ಳಿಗೆ ತಿರುಗಲಿಲ್ಲ.

“ಹತ್ತಕ್ಕೆ ಹತ್ತು ನಿಮಿಷ ಇರುವಾಗ.”

ಅವನು ಗಡಿಯಾರ ನೋಡಿಕೊಳ್ಳಲಿಲ್ಲ. ಜೇಬಿನಿಂದ ಫೋನ್ ತೆಗೆದು, ಆನ್ ಮಾಡಿ, ಹತ್ತಕ್ಕೆ ಮೊದಲು ನನ್ನಿಂದೇನಾದರೂ ಬಂದಿತ್ತೇ ಎಂದು ನೋಡಿದ. ಬೆನ್ನ ಮೇಲಿದ್ದ ಕೈ ತೆಗೆದ. ಬೈದಿದ್ದರೆ ಚೆನ್ನಾಗಿತ್ತು.

ನನ್ನ ಕೆಲಸ ಹೋಯಿತು, ಅದಿರಲಿ. ಮೋರಿಯ ಗೆರೆ ಹಾಕಿದ ನಕ್ಷೆ ಈಗ ಮೂವತ್ತಾರು ಮನೆಯಲ್ಲೂ ಇದೆಯಂತೆ, ನರ್ಸಮ್ಮ ಹಟ ಹಿಡಿದು ಹಂಚಿಸಿದರಂತೆ. ಕಂಬಗಳನ್ನು ದೂರಕ್ಕೆ ಸರಿಸಿದ್ದಾರೆ. ಮೂರು ವಾರ ಬಿಟ್ಟು ಒಂದು ಸೋಮವಾರ ಅಣ್ಣ ಮತ್ತೆ ಯಂತ್ರ ಹತ್ತುವವನಿದ್ದ. ಹತ್ತು ಗಂಟೆಗೆ ನಾನು ಅಡುಗೆಮನೆಯಲ್ಲಿ ಫೋನ್ ಮುಂದಿಟ್ಟುಕೊಂಡು ಕೂತೆ. ಹತ್ತೂಕಾಲಾಯಿತು. ಹತ್ತೂವರೆಯಾಯಿತು. ಅತ್ತಿಗೆಗೆ ಫೋನ್ ಮಾಡಿದೆ.

“ಹತ್ತಿದಾರೆ ಕಣೇ, ಹತ್ತು ಗಂಟೆಗೇ” ಎಂದಳು ಅತ್ತಿಗೆ. ಆಮೇಲೆ ಸ್ವಲ್ಪ ತಡವರಿಸಿ ಹೇಳಿದಳು, “ಮಿಸ್ಡ್ ಕಾಲ್ ನಂಗೆ ಕೊಟ್ರು.”