ಕತ್ತೆ ಕಿವಿಯ ಭವಿಷ್ಯ

ವರ್ಷದ ಕೊನೆಯ ದಿನ ಆ ಕಚೇರಿಯಲ್ಲಿ ಯಾರೂ ಕೆಲಸ ಮಾಡುವುದಿಲ್ಲ, ಎಲ್ಲರೂ ಭವಿಷ್ಯ ಹೇಳುತ್ತಾರೆ. ವಿಡಿಯೊ ಗೇಮ್ ತಯಾರಿಸುವ ಪುಟ್ಟ ಕಚೇರಿ ಅದು. ಮುಂದಿನ ವರ್ಷ ಆಟಗಳ ಲೋಕದಲ್ಲಿ ಏನಾಗುತ್ತದೆ ಎಂದು ಒಬ್ಬೊಬ್ಬರೂ ಒಂದು ಮಾತು ಹೇಳಬೇಕು, ಗೋಡೆಯ ಬಿಳಿ ಹಲಗೆಯ ಮೇಲೆ ಅದನ್ನು ದೊಡ್ಡದಾಗಿ ಬರೆಯಬೇಕು, ವರ್ಷ ಕಳೆದ ಮೇಲೆ ಅದರೆದುರಿಗೇ ನಿಂತು ನಿಜವೋ ಸುಳ್ಳೋ ಒಪ್ಪಿಕೊಳ್ಳಬೇಕು. ಸುಳ್ಳಾದರೆ ರಟ್ಟಿನ ಕತ್ತೆ ಕಿವಿ ತೊಟ್ಟು ಮನೆಗೆ ಹೋಗಬೇಕು. ಬೀದಿ ತಿರುವಿನಲ್ಲಿ ತೆಗೆದು ಚೀಲಕ್ಕೆ ತುರುಕುವ ಹಾಗಿಲ್ಲ, ಮನೆಯ ಬಾಗಿಲವರೆಗೂ ಅದು ತಲೆಯ ಮೇಲೇ ಇರಬೇಕು.

ಹಾಗಾಗಿ ಜಾಣರೆಲ್ಲ ಸುಳ್ಳಾಗಲು ಸಾಧ್ಯವೇ ಇಲ್ಲದ ಭವಿಷ್ಯ ಹೇಳಿ ಬಚಾವಾಗುತ್ತಿದ್ದರು. "ಎಲ್ಲರೂ ಬಾಯಿ ಬಿಟ್ಕೊಂಡು ಕಾಯ್ತಿರೋ ಆಟ ಮತ್ತೆ ಮುಂದಕ್ಕೆ ಹೋಗುತ್ತೆ, ಕ್ಷಮಾಪಣೆ ಮಾತ್ರ ಹೇಳಿದ ದಿನಕ್ಕೆ ಬರುತ್ತೆ" ಎಂದು ಯಜಮಾನರು ಪ್ರತಿ ವರ್ಷ ಹೇಳಿ ಪ್ರತಿ ವರ್ಷ ಮೀಸೆ ತಿರುವುತ್ತಿದ್ದರು. "ಕುದುರೆ ಬಾಲದ ಕೂದಲು ಒಂದೊಂದೂ ಬೇರೆ ಬೇರೆ ಅಲ್ಲಾಡುತ್ತೆ, ಕುದುರೆ ಮಾತ್ರ ಗೋಡೆಯೊಳಗೆ ಸಿಕ್ಕಿ ಹಾಕ್ಕೊಂಡಿರುತ್ತೆ" ಎಂದಿದ್ದಳು ಚಿತ್ರ ಬರೆಯುವವಳು. ಕೋಡ್ ಬರೆಯುವ ಉದ್ದನೆಯ ಮನುಷ್ಯನಿಗೆ ಕಚೇರಿಯಲ್ಲಿ ಜಿರಾಫೆ ಎಂದೇ ಹೆಸರು. ಅವನದು ಇನ್ನೂ ಸುಲಭ. "ಪ್ರಪಂಚ ಮುಳುಗ್ತಿದ್ರೂ ನಾಯಕ ಒಂದು ಕಡೆ ಕೂತ್ಕೊಂಡು ಮೀನು ಹಿಡೀತಾನೆ."

ಕಳೆದ ವರ್ಷ ಎಲ್ಲರೂ ಹೀಗೆ ನಗುತ್ತಿದ್ದಾಗ ಸದ್ದಮ್ಮ ಎದ್ದು ನಿಂತಿದ್ದಳು. ಆಟಕ್ಕೆ ಬೇಕಾದ ಸದ್ದುಗಳನ್ನೆಲ್ಲ ಮಾಡುವವಳು ಅವಳು, ಹೆಸರು ಬಂದದ್ದೂ ಅದರಿಂದಲೇ. ಸ್ವಭಾವತಃ ಬಿಗುಮಾನದ ಹೆಣ್ಣು. ಪೆನ್ನು ಕಿತ್ತುಕೊಂಡು ಹಲಗೆಯ ನಡುಮಧ್ಯದಲ್ಲಿ ಬರೆದೇಬಿಟ್ಟಳು: ಕಣ್ಣು ಕಾಣದ ನಮ್ಮಪ್ಪ ನಮ್ಮ ಕೋಟೆ ಆಟವನ್ನು ಯಾರ ಸಹಾಯವೂ ಇಲ್ಲದೆ ಗೆಲ್ಲುತ್ತಾರೆ.

ಯಾರೋ ಮೆಲ್ಲಗೆ "ಪಾಪ" ಅಂದರು. ಆ ಒಂದು ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಇಡೀ ವರ್ಷ ಅವಳು ದುಡಿದದ್ದು ಆ ಮುಳ್ಳನ್ನು ಕಿತ್ತು ಹಾಕುವುದಕ್ಕೆ.

ಅಪ್ಪ ಬಸ್ ಓಡಿಸುತ್ತಿದ್ದವರು. ನಿವೃತ್ತಿಯಾದ ಮೇಲೆ ದೃಷ್ಟಿ ಸ್ವಲ್ಪ ಸ್ವಲ್ಪವಾಗಿ ಹೋಗಿ ಪೂರ್ತಿ ಕತ್ತಲಾಗಿತ್ತು. ಹಟಕ್ಕೆ ಮಾತ್ರ ಏನೂ ಆಗಿರಲಿಲ್ಲ. ಮಗಳು ತಂದ ಕಂಟ್ರೋಲರನ್ನು ಸ್ಟಿಯರಿಂಗ್‌ನಂತೆ ಹಿಡಿದು, ಗೋಡೆಗೆ ಗುದ್ದಿಕೊಂಡು, ಕಂದಕಕ್ಕೆ ಬಿದ್ದು, "ಇಲ್ಲಿ ಅಂಚು ಅಂತ ಗೊತ್ತಾಗಲ್ಲ ಪುಟ್ಟಿ, ಗಾಳಿ ಸದ್ದು ಸ್ವಲ್ಪ ಮುಂಚೆ ಬರ್ಲಿ" ಎಂದು ತಪ್ಪು ತೋರಿಸುತ್ತಿದ್ದರು. ಅವಳು ಸರಿ ಮಾಡಿ ತರುತ್ತಿದ್ದಳು. ಅವರು ಮತ್ತೆ ಬೀಳುತ್ತಿದ್ದರು, ಆದರೆ ಇನ್ನೊಂದು ಬಾಗಿಲು ಮುಂದೆ ಹೋಗಿ.

ಕೊನೆಯ ಬಾಗಿಲನ್ನು ಕಾಯುವವನು ಡೊಳ್ಳೊಟ್ಟೆ ಎಂಬ ದೈತ್ಯ. ಎಡಗಡೆಯಿಂದ ಹೊಡೆಯುವ ಮುನ್ನ ಅವನ ಸರಪಳಿ ನೆಲಕ್ಕೆ ಉಜ್ಜುತ್ತದೆ. ಅದು ಸ್ಟೀಲ್ ತಟ್ಟೆಯ ಮೇಲೆ ಎಳೆದ ಹಳೆಯ ಸೈಕಲ್ ಚೈನು. ಬಲಗಡೆಯಿಂದ ಹೊಡೆಯುವ ಮುನ್ನ ಅವನು ಉಸಿರೆಳೆಯುತ್ತಾನೆ. ಅದು ಅಪ್ಪನದೇ ಗೊರಕೆ. ಅಪ್ಪ ಮಧ್ಯಾಹ್ನ ಮಲಗಿದ್ದಾಗ ಮೈಕ್ ಹಿಡಿದು ಕದ್ದದ್ದು. ಅಮ್ಮ ಅದನ್ನು ಕೇಳಿ, "ಅಂತೂ ಸಾಕ್ಷಿ ಸಿಕ್ತು" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಡೊಳ್ಳೊಟ್ಟೆಯನ್ನು ಮಾತ್ರ ಅಪ್ಪನಿಗೆ ಈವರೆಗೂ ಗೆಲ್ಲಲಾಗಿರಲಿಲ್ಲ.

ಈ ವರ್ಷದ ಕೊನೆಯ ದಿನ ಮಧ್ಯಾಹ್ನ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಚೇರಿಗೆ ಬಂದರು. ಎಲ್ಲರೂ ಕುರ್ಚಿ ಎಳೆದುಕೊಂಡು ಸುತ್ತ ಕೂತರು. ಕಿಟಕಿಯ ಹತ್ತಿರ ಕತ್ತೆ ಕಿವಿ ತೂಗುಹಾಕಿತ್ತು. ಸದ್ದಮ್ಮನಿಗೆ ಅದರ ಭಯ ಇರಲಿಲ್ಲವೆಂದರೆ ಸುಳ್ಳಾದೀತು. ಆದರೆ ಅದಕ್ಕಿಂತ ಹೆಚ್ಚು ಹೆದರಿದ್ದು, ಇಷ್ಟು ಜನರ ಮುಂದೆ ಅಪ್ಪ ಮತ್ತೆ "ಪಾಪ" ಅನ್ನಿಸಿಕೊಂಡಾರೆಂದು.

ಅಪ್ಪ ಶುರುಮಾಡಿದರು. ಒಂದೊಂದೇ ಬಾಗಿಲು ದಾಟಿದರು. ಕಂದಕದ ಅಂಚಿನಲ್ಲಿ ನಿಂತು ಗಾಳಿ ಆಲಿಸಿ ಹಾರಿದಾಗ ಯಜಮಾನರು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. ಕೊನೆಗೆ ಡೊಳ್ಳೊಟ್ಟೆ ಎದುರಾದ. ಸರಪಳಿ ಉಜ್ಜಿತು, ಅಪ್ಪ ಬಲಕ್ಕೆ ಸರಿದರು. ದೈತ್ಯ ಉಸಿರೆಳೆದ, ಅಪ್ಪ ಎಡಕ್ಕೆ ಸರಿದರು. ಒಂದು ಏಟು ಕೊಟ್ಟರು, ಇನ್ನೊಂದು ಕೊಟ್ಟರು. ದೈತ್ಯ ತತ್ತರಿಸಿದ. ಕೋಣೆಯಲ್ಲಿ ಚಪ್ಪಾಳೆ ಶುರುವಾಯಿತು.

ಸದ್ದಮ್ಮನ ಕಿವಿ ನಿಮಿರಿತು. ಏನೋ ಸರಿಯಿಲ್ಲ. ಉಸಿರಿಗೂ ಏಟಿಗೂ ನಡುವೆ ಅಷ್ಟು ಹೊತ್ತು ಅವಳು ಬಿಟ್ಟಿರಲಿಲ್ಲ. ಡೊಳ್ಳೊಟ್ಟೆ ತಡಮಾಡುತ್ತಿದ್ದಾನೆ, ಬೇಕೆಂದೇ ತಡಮಾಡುತ್ತಿದ್ದಾನೆ.

ಅವಳಿಗೆ ತಕ್ಷಣ ಹೊಳೆಯಿತು. ಹೊರಗಿನವರಿಗೆ ಆಟ ತೋರಿಸುವಾಗ ಅವರಿಗೆ ಮುಖಭಂಗವಾಗಬಾರದೆಂದು ದೈತ್ಯನನ್ನು ಮೆತ್ತಗಾಗಿಸುವ ಒಂದು ಗುಂಡಿ ಇತ್ತು. ಕಚೇರಿಯಲ್ಲಿ ಅದಕ್ಕೆ 'ನೆಂಟರ ಮರ್ಯಾದೆ' ಎನ್ನುತ್ತಿದ್ದರು. ಅವಳು ಜಿರಾಫೆಯ ಕಡೆ ನೋಡಿದಳು. ಅವನು ಲ್ಯಾಪ್‌ಟಾಪ್ ಹಿಂದಿನಿಂದ ಕಣ್ಣು ಮಿಟುಕಿಸಿದ. ಒಳ್ಳೆಯ ಮನಸ್ಸಿನವನು, ಅದರಲ್ಲಿ ಎರಡು ಮಾತಿಲ್ಲ. ಇನ್ನೊಂದು ಏಟು ಬಿದ್ದರೆ ಅಪ್ಪ ಗೆದ್ದರು. ಹಲಗೆಯ ಮೇಲೆ ನಿಜ ಎಂದು ಬೀಳುತ್ತದೆ, ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ, ವರ್ಷವಿಡೀ ಚುಚ್ಚಿದ ಮುಳ್ಳು ಹೋಗುತ್ತದೆ. ಸುಮ್ಮನಿದ್ದರೆ ಸಾಕು.

"ನಿಲ್ಸಿ!" ಎಂದಳು ಸದ್ದಮ್ಮ.

ಅದೇ ಕ್ಷಣಕ್ಕೆ ಅಪ್ಪ ಕಂಟ್ರೋಲರನ್ನು ಮೇಜಿನ ಮೇಲೆ ಇಟ್ಟಿದ್ದರು.

"ಯಾರಪ್ಪಾ ಇದು ಮಾಡಿದ್ದು?" ಎಂದರು ಅಪ್ಪ. ಕೋಪವಿರಲಿಲ್ಲ, ಟಿಕೆಟ್ ಇಲ್ಲದೆ ಹತ್ತಿದವನನ್ನು ಮಾತಾಡಿಸುವ ದನಿ. "ನನ್ನ ಗೊರಕೆ ನನಗೇ ಗೊತ್ತಾಗಲ್ವಾ? ಇಷ್ಟು ಸೋಂಬೇರಿ ಗೊರಕೆ ನಂದಲ್ಲ."

ಜಿರಾಫೆಯ ಕತ್ತು ಎಂದೂ ಇಲ್ಲದಷ್ಟು ಗಿಡ್ಡವಾಯಿತು. "ತಪ್ಪಾಯ್ತು ಅಂಕಲ್. ನೀವು ಗೆಲ್ಲಿ ಅಂತ..."

"ಗೆಲ್ತೀನಿ ಬಿಡಪ್ಪಾ, ಅದಕ್ಕೇನು ಅವಸರ? ನಮ್ಮ ಹುಡುಗಿ ಒಂದು ವರ್ಷ ತಲೆ ಕೆಡಿಸ್ಕೊಂಡು ಕಷ್ಟ ಮಾಡಿಟ್ಟಿದಾಳೆ, ನೀನು ಒಂದು ನಿಮಿಷದಲ್ಲಿ ಸುಲಭ ಮಾಡ್ಬಿಟ್ರೆ ಅವಳಿಗೆ ಅವಮಾನ ಅಲ್ವಾ? ಮೊದಲಿಂದ ಹಾಕು."

ಮೊದಲಿನಿಂದ ಹಾಕಿದರು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ, ಸದ್ದು ಮಾಡಿದರೆ ಅಪ್ಪನಿಗೆ ಕೇಳಿಸದೆ ಹೋದೀತೆಂದು ಉಸಿರು ಬಿಗಿಹಿಡಿದು ಕೂತರು. ಡೊಳ್ಳೊಟ್ಟೆ ತನ್ನ ಪೂರ್ತಿ ಸೊಕ್ಕಿನಲ್ಲಿ ಬಂದ. ಅಪ್ಪ ಸರಿದರು, ಹೊಡೆದರು, ಏಟು ತಿಂದರು, ಮತ್ತೆ ಹೊಡೆದರು. ಹಣೆಯಲ್ಲಿ ಬೆವರು ಸಾಲುಗಟ್ಟಿತು. ಇನ್ನೊಂದೇ ಏಟು ಬಾಕಿ ಇದ್ದಾಗ ಸರಪಳಿಯೂ ಉಸಿರೂ ಒಟ್ಟಿಗೇ ಕೇಳಿಸಿದವು. ಅಪ್ಪ ಒಂದು ಗಳಿಗೆ ತಡವರಿಸಿದರು. ದೈತ್ಯ ಅವರನ್ನು ನೆಲಕ್ಕೆ ಕೆಡವಿದ.

"ಅಯ್ಯೋ, ಎರಡೂ ಕೈಲಿ ಹೊಡೀತಾನಾ ಕಳ್ಳ!" ಎಂದು ಅಪ್ಪ ಜೋರಾಗಿ ನಕ್ಕರು. "ಬರೀರಿ, ಸುಳ್ಳು ಅಂತ ಬರೀರಿ."

ಯಾರೂ "ಪಾಪ" ಅನ್ನಲಿಲ್ಲ. ಚಿತ್ರ ಬರೆಯುವವಳು ಮೂಗೊರೆಸಿಕೊಂಡು, "ಅಂಕಲ್, ನಾನು ಕಣ್ಣು ಬಿಟ್ಕೊಂಡು ಆಡಿದ್ರೂ ಆರನೇ ಬಾಗ್ಲು ದಾಟಿಲ್ಲ" ಎಂದು ಎಲ್ಲರೆದುರು ಒಪ್ಪಿಕೊಂಡಳು. ಯಜಮಾನರು ಸುಳ್ಳು ಎಂದು ಬರೆಯುವಾಗ ಅವರ ಕೈಯೇ ಹಿಂದೆಮುಂದೆ ನೋಡಿತು.

ಸದ್ದಮ್ಮ ತಾನೇ ಹೋಗಿ ಕತ್ತೆ ಕಿವಿ ತೆಗೆದು ತಲೆಗೆ ಏರಿಸಿಕೊಂಡಳು. ಅಪ್ಪ ಕೈಚಾಚಿ ಬುಡದಿಂದ ತುದಿಯವರೆಗೆ ಮುಟ್ಟಿ ನೋಡಿದರು.

"ಇಷ್ಟುದ್ದ ಕಿವಿ ನನಗಿದ್ದಿದ್ರೆ ಅವನನ್ನ ಹುಟ್ಟಿಲ್ಲ ಅನ್ನಿಸ್ತಿದ್ದೆ."

"ಮುಂದಿನ ವರ್ಷದ ಭವಿಷ್ಯ ನೀವೇ ಹೇಳಿ ಅಂಕಲ್" ಎಂದ ಜಿರಾಫೆ.

"ಮುಂದಿನ ವರ್ಷ ನಾನು ಗೆಲ್ತೀನಿ. ಅಷ್ಟು ಹೊತ್ತಿಗೆ ಇವಳು ಅವನಿಗಿಂತ ದೊಡ್ಡವನನ್ನ ತಂದು ನಿಲ್ಸಿರ್ತಾಳೆ. ಬರ್ಕೊಳ್ಳಿ, ಎರಡೂ ನಿಜ ಆಗುತ್ತೆ."

ಮನೆಗೆ ಹೋಗುವ ಬಸ್ಸಿನಲ್ಲಿ ಅಪ್ಪ ಅವಳ ಮೊಣಕೈ ಹಿಡಿದು ಕೂತಿದ್ದರು. ಹತ್ತಿದವರೆಲ್ಲ ಅವಳ ತಲೆಯನ್ನೇ ನೋಡುತ್ತಿದ್ದರು.

"ನೋಡ್ತಿದಾರಾ?" ಎಂದರು ಅಪ್ಪ.

"ಎಲ್ರೂ."

ಎದುರು ಸೀಟಿನ ಹೆಂಗಸಿಗೆ ತಡೆಯಲಾಗಲಿಲ್ಲ. "ಯಾಕ್ರೀ, ಏನಾಯ್ತು?"

ಸದ್ದಮ್ಮ ಬೆನ್ನು ನೆಟ್ಟಗೆ ಮಾಡಿ ಕೂತಳು. ರಟ್ಟಿನ ಕಿವಿಗಳು ಬಸ್ಸಿನ ಮೇಲಿನ ಕಂಬಿಗೆ ತಾಗಿದವು.

"ನಮ್ಮಪ್ಪ ಇವತ್ತು ಸೋತ್ರು ರೀ" ಎಂದಳು, ಇಡೀ ಬಸ್ಸಿಗೇ ಕೇಳಿಸುವಂತೆ.