ಹಿಟ್ ಇಲ್ಲದ ಮಧ್ಯಾಹ್ನ

ಹೇಳಿಬಿಡಬೇಕೆ? ಹೇಳುವುದಾದರೂ ಏನೆಂದು? ಎರಡು ಬೆರಳು ಜೋಮು ಹಿಡಿಯುವುದೂ ಒಂದು ಕಾಯಿಲೆಯೇ? ಕೈ ಮೇಲೆ ತಲೆಯಿಟ್ಟು ಮಲಗಿದರೂ ಹಿಡಿಯುತ್ತದೆ, ಕೊಡವಿದರೆ ಹೋಗುತ್ತದೆ. ಹೋಗದಿದ್ದರೆ?

ಬೇಸ್‌ಬಾಲ್ ಮೈದಾನದಲ್ಲಿ ಬ್ಯಾಟು ಹಿಡಿದವನ ಹಿಂದೆ, ಚೆಂಡು ಹಿಡಿಯುವ ಕ್ಯಾಚರ್ ಆಗಿ ಕುಕ್ಕರಗಾಲಿನಲ್ಲಿ ಕೂತಿದ್ದ ಗ್ರೇಡಿ, ಮುಖಕ್ಕೆ ಕಟ್ಟಿದ ಸರಳುಗಳ ನಡುವಿನಿಂದ ದಿಬ್ಬದ ಮೇಲೆ ನಿಂತ ಟೀಗ್‌ನನ್ನು ನೋಡಿದ. ಟೀಗ್ ಚೆಂಡೆಸೆಯುವ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ. ನೋಡುವವರಿಗೆ ಬೆವರು ಒರೆಸಿದಂತೆ ಕಾಣುತ್ತಿತ್ತು. ಬೆವರಲ್ಲವೆಂದು ಗ್ರೇಡಿಗೆ ಗೊತ್ತಿತ್ತು.

ಐದನೆಯ ಇನಿಂಗ್ಸ್ ಮುಗಿಸಿ ಆಟಗಾರರು ಕೂರುವ ತಗ್ಗಿನ ಡಗೌಟಿನ ಮೆಟ್ಟಿಲಿಳಿಯುವಾಗ ಟೀಗ್ ತಾನೇ ಹೇಳಿದ್ದ. "ಕಿರುಬೆರಳು, ಅದರ ಪಕ್ಕದ್ದು, ಎರಡೂ ನನ್ನವಲ್ಲ ಅನ್ನಿಸ್ತಿದೆ ಕಣೋ. ಮೊಣಕೈ ಒಳಗೆ ಏನೋ ಸುಡ್ತಿದೆ."

"ಕೋಚ್‌ಗೆ ಹೇಳ್ಲಾ?"

"ಬೇಡ. ಇನ್ನೊಂದ್ ಇನಿಂಗ್ಸ್ ನೋಡೋಣ."

ಆ ಇನ್ನೊಂದು ಇನಿಂಗ್ಸ್ ಮುಗಿಯುವ ಹೊತ್ತಿಗೆ ನೋಡಲು ಬೇರೆಯೇ ಸಂಗತಿ ಬಂದಿತ್ತು. ನದಿಯಾಚೆಯ ಕಾಲೇಜಿನವರಿಗೆ ಅದುವರೆಗೆ ಒಂದೇ ಒಂದು ಹಿಟ್ ಸಿಕ್ಕಿರಲಿಲ್ಲ; ಟೀಗ್‌ನ ಚೆಂಡನ್ನು ಬಾರಿಸಿ ಯಾರೂ ಮೊದಲ ಬೇಸ್ ಕೂಡ ಮುಟ್ಟಿರಲಿಲ್ಲ. ಇಂಥ ಆಟ ನಡೆಯುವಾಗ ಚೆಂಡೆಸೆಯುವ ಪಿಚರ್ ಜೊತೆ ಯಾರೂ ಮಾತಾಡುವುದಿಲ್ಲ, ಅವನ ಪಕ್ಕ ಕೂರುವುದಿಲ್ಲ, ಆ ವಿಷಯವನ್ನು ಬಾಯಿಗೆ ತರುವುದೂ ಇಲ್ಲ. ತಂದರೆ ಮುರಿಯುತ್ತದೆ. ಇದನ್ನು ಯಾರೂ ಕಲಿಸುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಟೀಗ್ ಬೆಂಚಿನ ತುದಿಗೆ ಹೋಗಿ ಕೂತ. ಅವನ ಪಕ್ಕದ ಜಾಗ ತಾನಾಗಿ ಖಾಲಿಯಾಯಿತು.

ಹಾಗೆ ಎದ್ದುಬಂದವರಲ್ಲಿ ಕಾಲ್ಬಿಯೂ ಒಬ್ಬ. ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳುತ್ತ ಗ್ರೇಡಿಯ ಪಕ್ಕ ಕೂತ.

"ಹವೆ ಚೆನ್ನಾಗಿದೆ ಅಲ್ವೇನೋ?"

"ಹ್ಞೂಂ."

"ಈ ಸಲ ಜೋಳ ಚೆನ್ನಾಗಿ ಬರುತ್ತೆ."

"ನಿಮ್ಮಪ್ಪ ಬಸ್ ಓಡಿಸೋದು. ನಿಂಗೆಲ್ಲಿಂದ ಬಂತು ಜೋಳ?"

"ಬೇರೇನ್ ಮಾತಾಡ್ಲಿ ಹೇಳು ಮತ್ತೆ. ಬಾಯಿ ಬಿಟ್ರೆ ಅದೇ ಬರುತ್ತೆ."

ಗೆದ್ದವರಿಗೆ ಆ ಭಾಗದ ಕಾಲೇಜುಗಳ ಕಾನ್ಫರೆನ್ಸ್ ಪಟ್ಟ, ಆಮೇಲೆ ರಾಷ್ಟ್ರೀಯ ಟೂರ್ನಿ. ಸೋತವರಿಗೆ ಊರಿಗೆ ಹೋಗುವ ಬಸ್ಸು. ಜೂನ್‌ಗೆ ಬಾ ಎಂದು ವೃತ್ತಿಪರ ಕ್ಲಬ್ಬೊಂದು ಟೀಗ್‌ನನ್ನು ಪರೀಕ್ಷಿಸಿ ನೋಡಲು ಕರೆದಿತ್ತು. ಗ್ರೇಡಿಯನ್ನು ಯಾರೂ ಕರೆದಿರಲಿಲ್ಲ. ಅವನಿಗಿದು ಕಾಲೇಜಿನ ಕೊನೆಯ ವರ್ಷ. ಇವತ್ತು ಸೋತರೆ ಸೋಮವಾರದಿಂದ ಚಿಕ್ಕಪ್ಪನ ಟೈರ್ ಅಂಗಡಿ.

ಏಳನೆಯ ಇನಿಂಗ್ಸಿನ ನಡುವೆ, ಅವನು ಎದೆಗೆ ಪ್ಯಾಡ್ ಬಿಗಿಯುತ್ತಿದ್ದಾಗ, ಕೋಚ್ ಸ್ಟ್ರೌಡ್ ಬಂದು ಪಕ್ಕ ನಿಂತರು. ಅವನತ್ತ ನೋಡಲಿಲ್ಲ. ಮೈದಾನದಾಚೆಯ ಧಾನ್ಯದ ಗೋದಾಮುಗಳನ್ನು ನೋಡುತ್ತ ಕೇಳಿದರು.

"ಹೇಗಿದಾನೆ?"

ಗ್ರೇಡಿ ಪಟ್ಟಿ ಎಳೆದ.

"ಚೆಂಡು ಮೇಲ್‌ಮೇಲಕ್ಕೆ ಬರ್ತಿದೆ ಅನ್ನಿಸ್ತು. ಹಿಡಿಯೋನು ನೀನು, ನಿಂಗೆ ಗೊತ್ತಿರುತ್ತೆ. ಈಗ ನಾನು ಅವನ ಹತ್ರ ಹೋಗೋ ಹಾಗಿಲ್ಲ. ಬೇರೆಯವನಿಗೆ ಕೈ ಬಿಸಿ ಮಾಡ್ಕೋ ಅನ್ಲಾ?"

ಬೆಂಚಿನ ತುದಿಯಲ್ಲಿ ಟೀಗ್ ಎಡಗೈಯಲ್ಲಿ ನೀರಿನ ಲೋಟ ಎತ್ತಿಕೊಂಡ. ಬಲಗೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು, ಯಾರೋ ಮರೆತುಹೋದ ಗ್ಲೌಸಿನ ಹಾಗೆ.

"ಚೆನ್ನಾಗಿದಾನೆ ಕೋಚ್."

"ಖಂಡಿತಾ?"

"ಚೆನ್ನಾಗಿದಾನೆ."

ಕೋಚ್ ಅವನ ಭುಜ ತಟ್ಟಿ ಹೋದರು. ಈಗ ಏನಾದರೂ ಅನ್ನಿಸಬಹುದೆಂದು ಗ್ರೇಡಿ ಕಾದ. ಏನೂ ಅನ್ನಿಸಲಿಲ್ಲ. ಇನ್ನೊಂದು ಪಟ್ಟಿ ಬಿಗಿದು ಬಿಸಿಲಿಗೆ ಹೋದ.

ಎಂಟನೆಯದರಲ್ಲಿ ಎದುರಾಳಿಯೊಬ್ಬ ಬ್ಯಾಟು ತಿರುಗಿಸುತ್ತ ಕೆಳಗೆ ನೋಡಿ ನಕ್ಕ. "ಏನಪ್ಪಾ, ನಿಮ್ಮವನು ಚೆಂಡು ಎಸೀತಿದಾನೋ, ಪೋಸ್ಟಲ್ಲಿ ಕಳಿಸ್ತಿದಾನೋ?"

"ನಿನ್ ವಿಳಾಸ ಸರಿಯಾಗಿ ಬರೆದಿಲ್ವೇನೋ. ಇನ್ನೂ ತಲುಪಿಲ್ಲ ನಿಂಗೆ," ಎಂದ ಗ್ರೇಡಿ. ಅವನ ಬಾಯಿ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು.

"ಇಬ್ರೂ ಬಾಯ್ಮುಚ್ಚಿ ಆಡಿ," ಎಂದರು ಅಂಪೈರ್.

ಕೊನೆಯದಾದ ಒಂಬತ್ತನೆಯದರಲ್ಲಿ ಔಟಾಗಬೇಕಾದವನು ಒಬ್ಬನೇ ಉಳಿದ; ಅವನು ಔಟಾದರೆ ಗೆಲುವು. ಅವನು ವೇಗದ ಚೆಂಡುಗಳನ್ನೆಲ್ಲ ಹೇಗೋ ತಾಗಿಸಿ ಹೊರಗಟ್ಟುತ್ತಲೇ ಇದ್ದ. ಯಾವ ಚೆಂಡು ಎಸೆಯಬೇಕೆಂದು ಬೆರಳು ತೋರಿಸಿ ಹೇಳುವವನು ಕ್ಯಾಚರ್. ಐದನೆಯ ಇನಿಂಗ್ಸಿನಿಂದ ಗ್ರೇಡಿ ತಿರುವು ಚೆಂಡು ಕೇಳಿರಲಿಲ್ಲ. ಮೊಣಕೈ ತಿರುಚದೆ ಅದು ಬರುವುದಿಲ್ಲ. ಈಗ ತೊಡೆಗಳ ನಡುವೆ ಎರಡು ಬೆರಳು ಇಳಿಬಿಟ್ಟು ಅದನ್ನೇ ಕೇಳಿದ. ಟೀಗ್ ಬೇಡವೆಂದು ತಲೆಯಾಡಿಸಬಹುದಿತ್ತು. ಅವನು ಆ ಬೆರಳುಗಳನ್ನು ಸ್ವಲ್ಪ ಹೊತ್ತು ನೋಡಿ, ಆಗಲಿ ಎಂಬಂತೆ ಗೋಣು ಹಾಕಿದ.

ಚೆಂಡು ಬಂದು ಕೊನೆಯ ಗಳಿಗೆಯಲ್ಲಿ ಬಾಗಿತು. ಬ್ಯಾಟು ಗಾಳಿ ಸೀಳಿತು.

ಗೆದ್ದಾಗ ಮೊದಲು ಓಡಿಹೋಗಿ ಪಿಚರ್‌ನ ಮೈಮೇಲೆ ಹಾರುವವನೂ ಕ್ಯಾಚರನೇ. ಗ್ರೇಡಿ ಓಡಿದ. ದಿಬ್ಬದ ಮೇಲೆ ಟೀಗ್ ಎಡಗೈಯಿಂದ ಬಲ ಮೊಣಕೈ ಹಿಡಿದು ಬಗ್ಗಿದ್ದ. ಗ್ರೇಡಿ ಒಂದು ಮಾರು ದೂರದಲ್ಲಿ ನಿಂತುಬಿಟ್ಟ. ಹಿಂದಿನಿಂದ ಓಡಿಬಂದವರಿಗೆ ಅದು ಕಾಣಲಿಲ್ಲ. ಕಾಲ್ಬಿ ಇಬ್ಬರನ್ನೂ ತಬ್ಬಿ ಕೆಡವಿದ. ಅವನ ಮೇಲೆ ಉಳಿದವರೆಲ್ಲ ಬಿದ್ದರು. ರಾಶಿಯ ಅಡಿಯಲ್ಲಿ ಟೀಗ್‌ನ ಮುಖ ಗ್ರೇಡಿಯ ಮುಖದ ಹತ್ತಿರವೇ ಇತ್ತು, ಬಾಯಿ ತೆರೆದಿತ್ತು. ಅದರಿಂದ ಸದ್ದು ಬಂತೋ ಇಲ್ಲವೋ, ಆ ಗದ್ದಲದಲ್ಲಿ ತಿಳಿಯಲಿಲ್ಲ.

ರಾಷ್ಟ್ರೀಯ ಟೂರ್ನಿಯಲ್ಲಿ ಅವರು ಎರಡೇ ಆಟಕ್ಕೆ ಹೊರಬಿದ್ದರು. ಎರಡರಲ್ಲೂ ಗ್ರೇಡಿ ಆಡಿದ.

ಜುಲೈನಲ್ಲಿ ಒಂದು ಸಂಜೆ, ಅಂಗಡಿ ಮುಚ್ಚಿ, ರಬ್ಬರ್ ವಾಸನೆಯ ಕೈಗಳಲ್ಲೇ ಟೀಗ್‌ನ ಮನೆಗೆ ಹೋದ. ಟೀಗ್ ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದ. ಮೊಣಕೈಯ ಆಪರೇಷನ್ ಆಗಿತ್ತು, ಕೈಗೆ ಲೋಹದ ಕಟ್ಟು. ಬೆರಳುಗಳಿಗೆ ಸ್ಪರ್ಶ ತಿಳಿಯುವುದು ಕಷ್ಟ, ಚೆಂಡಿನ ಮಾತಂತೂ ಬೇಡ ಎಂದಿದ್ದರು ಡಾಕ್ಟರು. ಟೀಗ್‌ನ ತಾಯಿ ಇಬ್ಬರಿಗೂ ಐಸ್ ಹಾಕಿದ ಚಹಾ ತಂದಿಟ್ಟು ಒಳಗೆ ಹೋದರು.

"ಒಂದ್ ವಿಚಿತ್ರ ಗೊತ್ತಾ?" ಎಂದ ಟೀಗ್. "ನಾನಾಗಿ ಹೋಗಿ ಹೇಳೋಕೆ ಆಗ್ತಿರ್ಲಿಲ್ಲ. ಆದ್ರೆ ಯಾರಾದ್ರೂ ಒಬ್ರು ಕೇಳಿದ್ರೆ ಸಾಕಿತ್ತು, ಇಳಿದುಬಿಡ್ತಿದ್ದೆ. ಅದನ್ನೇ ಕಾಯ್ತಾ ಕೂತಿದ್ದೆ."

"ಪದ್ಧತಿ ಅಲ್ವಾ."

"ಹೌದು, ಪದ್ಧತಿ. ಕೋಚ್ ಮೇಲೂ ಸಿಟ್ಟಿಲ್ಲ ನಂಗೆ. ಎಲ್ರ ಥರ ಅವರೂ ಕೇಳ್ಲಿಲ್ಲ, ಅಷ್ಟೇ."

ಗ್ರೇಡಿ ಗ್ಲಾಸಿನ ಹೊರಮೈಗೆ ಕಟ್ಟಿದ ನೀರನ್ನು ಹೆಬ್ಬೆರಳಿನಿಂದ ಒರೆಸಿದ.

ಕೋಚ್ ಕೇಳಿದ್ದರು ಎಂದು ಅವನು ಟೀಗ್‌ಗೆ ಎಂದೂ ಹೇಳಲಿಲ್ಲ.