ಆಕಾಶರಾಯನ ಕಾಣೆಯಾದ ಸೀನುಗಳು

ಬೇಸಿಗೆ ಬಂತೆಂದರೆ ಹೊಸನಗರದ ವರದಮ್ಮನ ಅಂಗಳಕ್ಕೆ ಹಲಸಿನ ಹಪ್ಪಳ ಒತ್ತಲು ಏಳೆಂಟು ಹೆಂಗಸರು ಬರುತ್ತಿದ್ದರು. ಹಪ್ಪಳದ ಮೇಲಿನ ಪ್ರೀತಿಯಿಂದಲ್ಲ. ಅರವತ್ತೊಂಬತ್ತನೇ ಇಸವಿಯಲ್ಲಿ ಸಾಗರ ಪೇಟೆಯಲ್ಲಿ ಅವಳು ನೋಡಿದ್ದ ‘ಆಕಾಶರಾಯ’ ಎಂಬ ಹಾರುವ ವೀರನ ಸಿನಿಮಾದ ಕಥೆ ಕೇಳಲು. ಎರಡೂವರೆ ತಾಸಿನ ಸಿನಿಮಾ ಹದಿಮೂರು ಬೇಸಿಗೆ ಹೇಗೆ ನಡೆಯಿತೆಂದು ಯಾರೂ ಕೇಳಿರಲಿಲ್ಲ. ವರದಮ್ಮನಿಗೂ ಆ ಗದ್ದಲ ಬೇಕಿತ್ತು. ಗಂಡ ಹೂವಯ್ಯ ದಿನಕ್ಕೆ ನಾಲ್ಕು ಮಾತಾಡುವ ಮನುಷ್ಯ. ಅದರಲ್ಲಿ ಎರಡು ದನಗಳಿಗೆ.

ಎಂಬತ್ತೆರಡರಲ್ಲಿ ಜಟ್ಟಿಂಗಪ್ಪನ ಟೆಂಟ್ ಸಿನಿಮಾ ಊರಿಗೆ ಬಂತು. ಮೊದಲ ಚಿತ್ರ, ಬೇರೆ ಯಾವುದೂ ಸಿಗಲಿಲ್ಲವೇನೋ, ‘ಆಕಾಶರಾಯ’.

“ವರದಕ್ಕ, ನೀವ್ ಹೇಳಿದ್ದನ್ನೆಲ್ಲ ಇವತ್ತು ಕಣ್ಣಾರೆ ನೋಡ್ತೀವಿ!” ಎಂದು ಪಕ್ಕದ ಮನೆಯ ಸರೋಜ ಕೈ ಹಿಡಿದು ಎಳೆದಳು.

ಆಕಾಶರಾಯ ಹುಲಿಗೆ ಹಾರಲು ಕಲಿಸಿದ್ದು, ಆಗುಂಬೆ ಘಾಟಿಯಲ್ಲಿ ಉರುಳುತ್ತಿದ್ದ ಬಸ್ಸನ್ನು ಹಿಂದಿನ ಏಣಿ ಹಿಡಿದು ನಿಲ್ಲಿಸಿದ್ದು, ಕೊನೆಯುಸಿರೆಳೆಯುತ್ತಿದ್ದ ತನ್ನ ಅತ್ತೆಯನ್ನು ಹೊತ್ತು ಕಾಶಿಗೆ ಹಾರಿದ್ದು: ಇವೆಲ್ಲ ಹಪ್ಪಳ ಮುಗಿಯಲಿಲ್ಲವೆಂದು ವರದಮ್ಮನೇ ಕಟ್ಟಿ ಕಥೆಗೆ ಸೇರಿಸಿದ್ದು. ಇದು ಬಯಲಾದರೆ ಅಂಗಳಕ್ಕೆ ಇನ್ಯಾರು ಬರುತ್ತಾರೆ?

ತೆರೆಯ ಮೇಲೆ ಆಕಾಶರಾಯ ಬಂದ. ಅವನಿಗಿಂತ ಒಂದು ಗಳಿಗೆ ಮೊದಲು ಅವನ ಹೊಟ್ಟೆ ಬಂತು. ಹಾರುವಾಗ ಸೊಂಟದಲ್ಲಿ ಬಾವಿಹಗ್ಗದಷ್ಟು ದಪ್ಪನೆಯ ಹಗ್ಗ. ಪರ್ವತವೊಂದು ಗಾಳಿಗೆ ಮಡಚಿಕೊಂಡಿತು. ಲೋಕವನ್ನೇ ಸುಡುವ ಯಂತ್ರದ ಮೇಲೆ ಯಾರೋ ಕಾಫಿ ಲೋಟ ಮರೆತು ಹೋಗಿದ್ದರು. ಇಂಥವನಿಗಾಗಿ ಇಷ್ಟು ವರ್ಷ ಗಂಟಲು ಒಣಗಿಸಿಕೊಂಡೆನಲ್ಲ ಎನ್ನಿಸಿತು ಅವಳಿಗೆ. ಆದರೂ ಪ್ರತಿ ಸಲ ಹಾರುವ ಮುನ್ನ ಅವನು ಚಪ್ಪಲಿ ಬಿಟ್ಟು, ಜೋಡಿಸಿಟ್ಟು, ದೇವಸ್ಥಾನಕ್ಕೆ ಹೋಗುವವನ ಹಾಗೆ ಆಕಾಶಕ್ಕೆ ಕೈಮುಗಿಯುತ್ತಿದ್ದ. ನಗುತ್ತ ನಗುತ್ತಲೇ ವರದಮ್ಮನ ಕಣ್ಣು ತೇವವಾಯಿತು. ಇದೊಂದನ್ನು ಹೇಳಲು ಮರೆತೇಬಿಟ್ಟಿದ್ದಳು.

‘ಶುಭಂ’ ಬಿತ್ತು. ಹಪ್ಪಳದ ಗುಂಪಿಗೆಲ್ಲ ಹಿರಿಯಳಾದ ಕೆರಿಯಮ್ಮ ಎದ್ದಳು. ವರದಮ್ಮ ಸೆರಗನ್ನು ಮುಖಕ್ಕೆ ತಂದುಕೊಂಡಳು. ಕೆರಿಯಮ್ಮ ಹೋಗಿ ಹಿಡಿದದ್ದು ಜಟ್ಟಿಂಗಪ್ಪನನ್ನು.

“ಬಸ್ ನಿಲ್ಸಿದ್ದು ಎಲ್ಲೋ? ಕತ್ರಿ ಹಾಕಿದ್ಯಾ?”

“ಅಮ್ಮಾ, ರೀಲು ಇರೋದೇ ಇಷ್ಟು!”

“ಹುಲಿ ತೋರ್ಸದೆ ನಾವ್ ಏಳಲ್ಲ!” ಎಂದಳು ಸರೋಜ. ಯಾರೋ ಆಗಲೇ ಟೆಂಟಿನ ಗೂಟ ಅಲುಗಿಸತೊಡಗಿದ್ದರು.

ಸುಮ್ಮನಿದ್ದರೆ ವರದಮ್ಮನ ಅಂಗಳ ಉಳಿಯುತ್ತಿತ್ತು. ಜಟ್ಟಿಂಗಪ್ಪನ ಟೆಂಟು ಉಳಿಯುತ್ತಿರಲಿಲ್ಲ.

“ಅವ್ರನ್ನ ಬಿಡ್ರೇ,” ಎಂದು ವರದಮ್ಮ ಎದ್ದಳು. “ಹುಲಿ, ಬಸ್ಸು, ಅತ್ತೆ, ಎಲ್ಲಾ ನಾನೇ ಕಟ್ಟಿದ್ದು.”

ಕೆರಿಯಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಆ ಅತ್ತೆ ಸತ್ತಾಗ ನಾನು ಅತ್ತಿದ್ದೆನಲ್ಲೇ!” ಎಂದವಳೇ ಹೊರಟುಹೋದಳು.

ಮರುದಿನ ಮೂರು ಗಂಟೆಯಾದರೂ ಅಂಗಳದಲ್ಲಿ ವರದಮ್ಮ ಒಬ್ಬಳೇ. ಆಮೇಲೆ ಕೆರಿಯಮ್ಮ ಮುಖ ಊದಿಸಿಕೊಂಡು ಬಂದಳು, ಅವಳ ಹಿಂದೆ ಉಳಿದವರು. ಕೂತು, ಹಿಟ್ಟಿನ ಉಂಡೆಯೊಂದನ್ನು ಮಣೆಗೆ ಕುಕ್ಕಿದಳು.

“ಶುರು ಮಾಡೇ ವರದಾ. ಸಿನಿಮಾದಲ್ಲಿ ಇಲ್ದೇ ಇರೋದನ್ನ ಮಾತ್ರ ಹೇಳು. ಇರೋದನ್ನ ನೋಡಿ ಆಯ್ತು.”